ಸುಟ್ಟ ವಾಸನೆ ಬಂದರೆ ಹಿಂದಿನ ಸೀಟಿನವರನ್ನು ಕೇಳಿ

ತಮಿಳುನಾಡಿನ ಕಂಬಂ ಊರಿನಲ್ಲಿ, ಕೇರಳ ಗಡಿಯ ಕುಮಳಿಗೆ ಹೋಗುವ ರಸ್ತೆ ಬದಿಯಲ್ಲಿ, ಮೂವತ್ತನಾಲ್ಕು ವರ್ಷ ಕಾರು ರಿಪೇರಿ ಮಾಡಿ ಈಗ ಷೆಡ್ಡಿನ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿ ಕೂತಿದ್ದೇನೆ. ಸುಖವಾಗಿಯೇ ಕೂತಿದ್ದೇನೆ. ಬೆಳಿಗ್ಗೆ ಕಾಫಿ, ಪೇಪರು, ಆಮೇಲೆ ದ್ರಾಕ್ಷಿ ತೋಟದ ಕಡೆಗೆ ಒಂದು ನಡಿಗೆ. ಉಗುರಿನ ಸಂದಿಯ ಕಪ್ಪು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಹೋಗದಿದ್ದರೂ ಬೇಜಾರಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಗ ಎಲ್ಲದಕ್ಕೂ ಸ್ಕ್ಯಾನರ್ ಬಂದಿದೆ. ಕಾರಿಗೆ ವೈರು ಚುಚ್ಚಿದರೆ ಯಾವ ಸೆನ್ಸರ್ ಕೆಟ್ಟಿದೆ ಎಂದು ಅದೇ ಹೇಳುತ್ತದೆ. ಆದರೆ ಓಡುತ್ತಿರುವ ಕಾರಿನಲ್ಲಿ ಏನೋ ಸುಡುವ ವಾಸನೆ ಬರುತ್ತಿದೆ ಎಂದು ಗಿರಾಕಿ ಬಂದು ನಿಂತರೆ ಸ್ಕ್ಯಾನರ್ ಬಾಯಿ ಬಿಡುವುದಿಲ್ಲ. ಅಲ್ಲಿ ಮೂಗೇ ಬೇಕು. ನನ್ನ ಷೆಡ್ಡು ನಡೆದದ್ದೇ ನನ್ನ ಮೂಗಿನ ಮೇಲೆ. ಕೊನೆಯ ಕೆಲವು ವರ್ಷ ಆ ಮೂಗು ನನಗೆ ಇರಲಿಲ್ಲ. ಅದರಲ್ಲೂ ಮೊದಲ ಏಳು ತಿಂಗಳು ಅದು ಇಲ್ಲವೆಂದು ಊರಿಗೆ ಹೇಳದೆ ಮುಚ್ಚಿಟ್ಟಿದ್ದೆ. ನನ್ನ ಮಾತು ನಂಬಿ ಕಾರು ಹತ್ತಿ ಹೋದವರ ಜೀವಕ್ಕೆ ಅದರಿಂದ ಏನಾಗಬಹುದಿತ್ತು ಎಂಬುದನ್ನು ಹೇಳದೆ ಮಿಕ್ಕದ್ದನ್ನೆಲ್ಲ ಬರೆದರೆ ಬರೀ ಜಂಬವಾಗುತ್ತದೆ.

ಮೊದಲು ನನ್ನ ಕನ್ನಡದ ವಿಷಯ. ನಮ್ಮದು ಮನೆಯೊಳಗೆ ಕನ್ನಡ ಆಡುವ ಬೇಸಾಯಗಾರರ ಕುಲ. ಎಷ್ಟು ತಲೆಮಾರಿನ ಹಿಂದೆ ಈ ಕಣಿವೆಗೆ ಬಂದರೋ ಸರಿಯಾಗಿ ಹೇಳುವವರಿಲ್ಲ. ಹೊಸ್ತಿಲು ದಾಟಿದರೆ ತಮಿಳು. ಓದು ಬರಹವೂ ತಮಿಳೇ. ನನಗೆ ಕನ್ನಡ ಅಕ್ಷರ ಬಂದದ್ದು ಕೆಲಸ ಕಲಿಯಲು ಮೈಸೂರಿಗೆ ಹೋಗಿದ್ದ ಆರು ವರ್ಷದಲ್ಲಿ. ಅಲ್ಲಿ ನಾನು ಬಾಯಿ ತೆರೆದರೆ ಗ್ಯಾರೇಜಿನವರೆಲ್ಲ ನಗುತ್ತಿದ್ದರು. ನನ್ನ ಮಾತು ಅವರ ಅಜ್ಜಿಯ ಮಾತಿನ ಹಾಗಿದೆ, ನಡುನಡುವೆ ಯಾರೋ ತಮಿಳು ಬೆರೆಸಿದ್ದಾರೆ ಎನ್ನುತ್ತಿದ್ದರು. ನಕ್ಕರೆ ನಗಲಿ ಎಂದು ಅಂಗಡಿ ಬೋರ್ಡುಗಳನ್ನು ಓದುತ್ತ ಓದುತ್ತ ಅಕ್ಷರ ಕಲಿತುಬಿಟ್ಟೆ.

ಅಲ್ಲಿ ನನಗೆ ಕೆಲಸ ಕಲಿಸಿದವರು ಘೌಸ್ ಉಸ್ತಾದರು. ಗ್ಯಾರೇಜಿನಲ್ಲಿ ಗುರುವಿಗೆ ಉಸ್ತಾದ್ ಎನ್ನುವುದು ವಾಡಿಕೆ. ಬಹಳ ಸಿಟ್ಟಿನ ಮನುಷ್ಯ, ಅಷ್ಟೇ ಒಳ್ಳೆಯ ಮನುಷ್ಯ. ಸ್ಪ್ಯಾನರ್ ತಪ್ಪಾಗಿ ಕೊಟ್ಟರೆ ಅದನ್ನೇ ತಿರುಗಿಸಿ ಎಸೆಯುತ್ತಿದ್ದರು, ಆದರೆ ಊಟದ ಹೊತ್ತಿಗೆ ತಮ್ಮ ಡಬ್ಬಿಯನ್ನು ಮೊದಲು ನನ್ನ ಕಡೆಗೆ ನೂಕುತ್ತಿದ್ದರು. ಒಂದು ದಿನ ಅವರು ಡಾಲ್ಡಾ ಡಬ್ಬಿಯ ಮುಚ್ಚಳವನ್ನು ಸ್ಟೌವಿನ ಮೇಲಿಟ್ಟು, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರು. ಮುಚ್ಚಳದ ಮೇಲೆ ಒಂದೊಂದೇ ಚೂರು ಹಾಕಿ ಸುಟ್ಟು, ಏನು ಹೇಳು ಎಂದು ಕೇಳುವುದು. ತಪ್ಪಿದರೆ ತಲೆಗೊಂದು ಮೊಟಕು.

“ಸ್ಪ್ಯಾನರ್ ಅಂಗಡೀಲಿ ಸಿಗ್ತದೆ ಮಗಾ,” ಎನ್ನುತ್ತಿದ್ದರು. “ಮೂಗು ಸಿಗೋದಿಲ್ಲ. ಇದನ್ನ ನೀನೇ ತಯಾರ್ ಮಾಡ್ಕೋಬೇಕು.”

ಒಂದು ತಿಂಗಳಾಗುವಷ್ಟರಲ್ಲಿ ನನಗೆ ಎಲ್ಲ ತಿಳಿಯತೊಡಗಿತು. ಕ್ಲಚ್ ಪ್ಲೇಟು ಸುಟ್ಟರೆ ಹಳೆಯ ಕಾಗದ ಸುಟ್ಟ ಹಾಗೆ ಘಾಟು, ಗಂಟಲಿಗೆ ಹಿಡಿಯುತ್ತದೆ. ಬ್ರೇಕು ಕಾದರೆ ಅದರ ಜೊತೆ ಕಾದ ಕಬ್ಬಿಣದ ವಾಸನೆ ಸೇರಿರುತ್ತದೆ. ಬೆಲ್ಟಿನದು ರಬ್ಬರ್ ವಾಸನೆ. ವೈರಿನ ಸಿಪ್ಪೆ ಸುಟ್ಟರೆ ಮೂಗಿನ ಮೇಲುಗಡೆ ಚುರುಕ್ಕೆನ್ನುತ್ತದೆ. ಅದು ಬಂದರೆ ಯೋಚನೆ ಮಾಡುತ್ತ ನಿಲ್ಲಬೇಡಿ, ಮೊದಲು ಬ್ಯಾಟರಿ ಬಿಚ್ಚಿ. ಸೈಲೆನ್ಸರ್ ಕೊಳವೆ ಮೇಲೆ ಆಯಿಲ್ ತೊಟ್ಟಿಕ್ಕಿದರೆ ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡಿದ ಹಾಗಿರುತ್ತದೆ. ರೇಡಿಯೇಟರಿನ ಕೂಲೆಂಟ್ ಸೋರಿದರೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಸಿಹಿ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಊರಿಗೆ ಬಂದು ಷೆಡ್ಡು ಹಾಕಿದ್ದು ಒಳ್ಳೆಯ ಜಾಗದಲ್ಲಿ. ಕುಮಳಿ ಘಾಟಿ ಇಳಿದು ಬರುವ ಗಾಡಿ ಮೊದಲು ನಿಲ್ಲುವುದೇ ನಮ್ಮ ಕಡೆ. ಏಲಕ್ಕಿ ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪುಗಳು ದಿನವೂ ಆ ಘಾಟಿ ಹತ್ತಿ ಇಳಿಯುತ್ತವೆ. ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಒಂದು ಜೀಪು ಬ್ರೇಕು ಕಾಯಿಸಿಕೊಂಡು, ಹೊಗೆಯಾಡುತ್ತ ಬಂದು ನಿಂತಿತು. ಡ್ರೈವರು ನ್ಯೂಟ್ರಲ್ಲಿನಲ್ಲಿ ಬಿಟ್ಟುಕೊಂಡು ಬ್ರೇಕಿನ ಮೇಲೇ ಇಳಿದಿದ್ದ. ನಾನು ಓಡಿ ಹೋಗಿ ಒಂದು ಬಕೆಟ್ ನೀರು ಎತ್ತಿ ಚಕ್ರಕ್ಕೆ ಸುರಿದೆ. ಬ್ರೇಕ್ ಡ್ರಮ್ಮು ಟಪ್ಪೆಂದು ಸೀಳಿತು. ಡ್ರೈವರು ನನ್ನನ್ನೇ ನೋಡುತ್ತ ನಿಂತ. “ಅಣ್ಣೇ, ವಾಸ್ನೆ ಓಗ್ಲಿ ಅಂತ ಬಂದ್ರೆ ಚಕ್ರಾನೇ ಒಡ್ದುಬುಟ್ಟಲ್ಲ,” ಎಂದ. ಕಾದ ಬ್ರೇಕಿಗೆ ನೀರು ಹಾಕಬಾರದು, ಗಾಡಿ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು, ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ನಾನು ಇದನ್ನು ಕಲಿತದ್ದು ಆ ಡ್ರೈವರಿನ ಚಕ್ರ ಒಡೆದು.

ಇನ್ನೊಂದು, ನಗು ಬರುವಂಥದ್ದು. ಉತ್ತಮಪಾಳ್ಯದ ಒಬ್ಬ ಮೇಷ್ಟ್ರ ಕಾರು. ಕಾರು ಓಡಿಸಿದ ಹತ್ತು ನಿಮಿಷಕ್ಕೆ ಒಳಗೆಲ್ಲ ಕೊಬ್ಬರಿ ಹುರಿದ ವಾಸನೆ. ಎರಡು ಕಡೆ ತೋರಿಸಿದ್ದರು, ಯಾರೂ ಕಂಡುಹಿಡಿಯಲಿಲ್ಲ. ಒಬ್ಬನಂತೂ ಮೇಷ್ಟ್ರಿಗೇ ಡಾಕ್ಟರ ಹತ್ತಿರ ಹೋಗಲು ಹೇಳಿದ್ದನಂತೆ. ನಾನು ಕಾರಿನಲ್ಲಿ ಕೂತು ಒಂದು ಸುತ್ತು ಹೋದೆ. ನಿಜವಾಗಿಯೂ ಕೊಬ್ಬರಿಯೇ. ಇಂಜಿನ್ ಮೇಲಿನ ಮುಚ್ಚಳ ತೆಗೆದು ನೋಡಿದರೆ ಇಲಿ ಒಂದು ಹಿಡಿ ತೆಂಗಿನಕಾಯಿ ಚೂರು ತಂದು ಒಟ್ಟಿತ್ತು. ಮೇಷ್ಟ್ರು ಕಾರನ್ನು ತೆಂಗಿನ ಮಂಡಿಯ ಗೋಡೆ ಪಕ್ಕ ನಿಲ್ಲಿಸುತ್ತಿದ್ದರು. ಅಂದಿನಿಂದ ಬೊಮ್ಮಯ್ಯ ಎಂಬ ನನ್ನ ಹೆಸರು ಹೋಗಿ ‘ಮೂಗಣ್ಣ’ ಎಂದು ಹೆಸರು ಬಿತ್ತು. ತೇನಿಯಿಂದ, ದಿಂಡಿಗಲ್ಲಿನಿಂದ ಕೂಡ ಜನ ಕಾರು ತಂದು, ಮೂಗಣ್ಣನ ಷೆಡ್ಡು ಎಲ್ಲಿ ಎಂದು ಬಸ್‌ಸ್ಟಾಂಡಿನಲ್ಲಿ ಕೇಳುತ್ತಿದ್ದರು. ನನಗೂ ಸ್ವಲ್ಪ ತಲೆಗೇರಿತು.

ತಲೆಗೇರಿದ್ದಕ್ಕೆ ಒಂದೇ ಉದಾಹರಣೆ ಸಾಕು. ಒಬ್ಬ ಡಾಕ್ಟರಮ್ಮನ ಕಾರು ಬಂತು. ಮೂಗಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಸಿಕ್ಕಿದ ಕೂಡಲೇ ವೈರಿಂಗ್ ಎಂದು ತೀರ್ಮಾನ ಮಾಡಿ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಅರ್ಧ ದಿನ ಒಂದೊಂದೇ ವೈರು ಹಿಡಿದುಕೊಂಡು ಕೂತೆ. ಏನೂ ಇಲ್ಲ. ಕಾಯುತ್ತ ಕೂತಿದ್ದ ಡಾಕ್ಟರಮ್ಮ ಚಪ್ಪಲಿ ಹುಡುಕಲು ಬಗ್ಗಿದವರು, “ಇಲ್ಲಿ ಸೈಲೆನ್ಸರಿಗೆ ಒಂದು ಕ್ಯಾರಿಬ್ಯಾಗ್ ಅಂಟಿಕೊಂಡಿದೆಯಲ್ಲ, ಇದೇ ಇರಬಹುದಾ?” ಎಂದು ತಮಿಳಿನಲ್ಲಿ ಬಹಳ ಮೆತ್ತಗೆ ಕೇಳಿದರು. ಅದೇ ಆಗಿತ್ತು. ಅಂದೇ ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಮೊದಲು ಕೆಳಗೆ ಬಗ್ಗಿ ನೋಡು’ ಎಂದು ಬರೆದೆ. ಒಂದು ಮಳೆಗಾಲಕ್ಕೆ ಅದು ಅಳಿಸಿಹೋಯಿತು, ನನ್ನ ತಲೆಯಿಂದಲೂ ಹಾಗೆಯೇ.

ಆಮೇಲೆ ಕಾರುಗಳು ಬದಲಾದವು. ಎಲ್ಲರೂ ಗಾಜು ಏರಿಸಿ ಏಸಿ ಹಾಕಿಕೊಂಡು ಹೋಗುವ ಕಾಲ ಬಂತು. ಅದರಿಂದ ಒಂದು ಹೊಸ ತಾಪತ್ರಯ. ಮುಂದಿನ ಲಾರಿಯ ಕ್ಲಚ್ ವಾಸನೆಯನ್ನು ಏಸಿ ಒಳಗೆ ಎಳೆದುಕೊಂಡರೆ ಕಾರಿನವರು ತಮ್ಮದೇ ಎಂದು ಹೆದರುತ್ತಾರೆ. ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ಹೋಗುವ ತರಕಾರಿ ಲಾರಿಗಳ ಹಿಂದೆ ಸಿಕ್ಕಿಕೊಂಡವರು ಎಷ್ಟೋ ಜನ ಹಾಗೆ ಹೆದರಿ ನನ್ನ ಹತ್ತಿರ ಬಂದಿದ್ದಾರೆ. ಏಸಿಯ ಹೊರಗಾಳಿ ಬಾಗಿಲು ಮುಚ್ಚಿ ಎರಡು ನಿಮಿಷ ನೋಡಿ. ವಾಸನೆ ಹೋದರೆ ಅದು ಬೇರೆಯವರ ಗಾಡಿಯದು. ಹೋಗದಿದ್ದರೆ ಅಥವಾ ಅನುಮಾನವಿದ್ದರೆ ಬದಿಗೆ ನಿಲ್ಲಿಸಿ ಎಲ್ಲರನ್ನೂ ಇಳಿಸಿ. ಹೊಗೆ ಕಂಡರಂತೂ ಬಾನೆಟ್ ಪೂರ್ತಿ ಎತ್ತಬೇಡಿ. ಗಾಳಿ ಸಿಕ್ಕರೆ ಬೆಂಕಿ ಹಿಡಿಯುತ್ತದೆ.

ಕೊರೊನಾ ಜ್ವರ ನಮ್ಮ ಮನೆಗೂ ಬಂತು. ಎಲ್ಲರಿಗೂ ವಾಸಿಯಾಯಿತು, ನಾನೂ ಎದ್ದು ಓಡಾಡಿದೆ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಪೇಪರು ಓದುತ್ತ ಕೂತಿದ್ದೆ. ನನ್ನ ಹೆಂಡತಿ ನಾಗಮ್ಮ ಹಿತ್ತಲಿನಿಂದ ಓಡಿ ಬಂದಳು.

“ಪಕ್ಕದಲ್ಲೇ ಕುಂತಿವ್ರಿ, ಹಾಲು ಸೀದು ಮನೆಯೆಲ್ಲ ನಾತ ಒಡೀತೈತೆ! ಗೊತ್ತಾಗ್ನಿಲ್ವಾ?”

ಗೊತ್ತಾಗಿರಲಿಲ್ಲ. ಪಾತ್ರೆಯ ಹತ್ತಿರ ಮೂಗು ಇಟ್ಟೆ. ಏನೂ ಇಲ್ಲ. ಕರ್ಪೂರ ಮೂಸಿದೆ, ಪೆಟ್ರೋಲಿನ ಬಟ್ಟೆ ಮೂಸಿದೆ, ಬೆಳ್ಳುಳ್ಳಿ ಜಜ್ಜಿ ಮೂಸಿದೆ. ಗೋಡೆ ಮೂಸಿದ ಹಾಗೇ ಇತ್ತು. ನನಗೆ ಅಷ್ಟು ಭಯವಾದದ್ದು ಜ್ವರ ಏರಿದ್ದಾಗಲೂ ಇಲ್ಲ. ಊರಿನವರಿಗೆಲ್ಲ ಹೀಗಾಗಿತ್ತು, ಸರಿಹೋಗುತ್ತದೆ ಎಂದಳು ನಾಗಮ್ಮ. ಯಾರಿಗೂ ಹೇಳಬೇಡ ಎಂದು ನಾನು ಅವಳ ಕೈ ಹಿಡಿದುಕೊಂಡು ಕೇಳಿದೆ. ಅವಳಿಗೆ ಅದು ಇಷ್ಟವಾಗಲಿಲ್ಲ, ಆದರೂ ಹೇಳಲಿಲ್ಲ.

ಷೆಡ್ಡಿನಲ್ಲಿ ನಾನು ನಾಟಕ ಶುರು ಮಾಡಿದೆ. ಗಿರಾಕಿಯ ಜೊತೆ ಕಾರಿನಲ್ಲಿ ಒಂದು ಸುತ್ತು ಹೋಗುವುದು, ಕಣ್ಣು ಮುಚ್ಚಿ ಮೂಗು ಅರಳಿಸುವುದು, “ನಿಮಗೇನು ಅನ್ನಿಸುತ್ತೆ?” ಎಂದು ಸುಮ್ಮನೆ ಕೇಳಿದ ಹಾಗೆ ಕೇಳುವುದು. ಅವರು ಬ್ರೇಕ್ ಎಂದರೆ ಹೌದು, ನನಗೂ ಬ್ರೇಕ್ ಅನ್ನಿಸಿತು ಎನ್ನುವುದು. ಅನುಭವದ ಬಲದಿಂದ ಹತ್ತರಲ್ಲಿ ಏಳೆಂಟು ಸರಿಯಾಗಿಯೇ ಬಿತ್ತು. ಮೂಗಣ್ಣನ ಹೆಸರು ಹಾಗೇ ಉಳಿಯಿತು. ರಾತ್ರಿ ಮಲಗಿದರೆ ಮಾತ್ರ ಉಳಿದ ಎರಡು ಮೂರು ಕಾರುಗಳು ಕಣ್ಣ ಮುಂದೆ ಬರುತ್ತಿದ್ದವು.

ಏಳನೆಯ ತಿಂಗಳು ಮಲ್ಲಯ್ಯನ ಕಾರು ಬಂತು. ಮಲ್ಲಯ್ಯ ನಮ್ಮವನೇ, ದ್ರಾಕ್ಷಿ ಬೆಳೆಗಾರ, ವರಸೆಯಲ್ಲಿ ನನಗೆ ಅಳಿಯನಾಗಬೇಕು. ಅವನು ನನ್ನನ್ನು ಮಾಮ ಎನ್ನುತ್ತಾನೆ, ನಾನು ಅವನನ್ನು ತಮಿಳರ ಹಾಗೆ ಮಾಪ್ಳೆ ಎನ್ನುತ್ತೇನೆ. ಹಿಂದಿನ ಸೀಟಿನಲ್ಲಿ ಅವನ ತಾಯಿ ಲಿಂಗಮ್ಮ ಇದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಸ್ವಂತ ಅಕ್ಕನಷ್ಟು ಸಲಿಗೆ.

“ಮಾಮ, ಎರಡು ದಿನದಿಂದ ವಂಡಿಯಾಗೆ ಸುಟ್ಟ ವಾಸ್ನೆ. ನಿಂತಿದ್ರೆ ಇಲ್ಲ. ಸ್ವಲ್ಪ ದೂರ ಓದ್ಮೇಲೆ ಬತ್ತೈತೆ,” ಎಂದ ಮಲ್ಲಯ್ಯ. ನಮ್ಮ ಬಾಯಲ್ಲಿ ಕಾರೂ ವಂಡಿಯೇ, ಲಾರಿಯೂ ವಂಡಿಯೇ.

ಮೂವರೂ ಬೈಪಾಸಿನವರೆಗೆ ಹೋಗಿ ಬಂದೆವು. ಅರ್ಧ ದಾರಿಯಲ್ಲಿ ಲಿಂಗಮ್ಮ ಮೂಗಿಗೆ ಸೆರಗು ತಂದಳು.

“ಬಂತು ನೋಡು. ಹುಳ್ಳಿ ಹುರ್ದಂಗೆ ಬತ್ತೈತೆ. ಯಾರೋ ಬಾಣ್ಲೀಲಿ ಹುಳ್ಳಿ ಇಕ್ಕಿ ಮರ್ತು ಓದಂಗೈತೆ.”

ಹುಳ್ಳಿ ಎಂದರೆ ಹುರುಳಿ. ನಾನು ನಕ್ಕುಬಿಟ್ಟೆ. “ಅಕ್ಕಾ, ಒಟ್ಟೆ ಅಸೀತೈತಾ? ಬೇಗ ಮನೆಗೆ ಕಳಿಸ್ತೀನಿ, ಇರು.”

“ಅಸಿವೂ ಇಲ್ಲ ಗಿಸಿವೂ ಇಲ್ಲ. ವಾಸ್ನೆ ಬತ್ತೈತೆ, ಯೋಳ್ದೆ.”

“ಅವ್ವಾ, ಸುಮ್ಕಿರು. ಮಾಮ ನೋಡ್ತಾವ್ರೆ,” ಎಂದ ಮಲ್ಲಯ್ಯ.

ನಾನು ಕಣ್ಣು ಮುಚ್ಚಿ ಮೂಗು ಅರಳಿಸಿದೆ. ಅವನಿಗೆ ಏನನ್ನಿಸುತ್ತದೆ ಎಂದು ಕೇಳಿದೆ. ಕ್ಲಚ್ ಇರಬಹುದೇನೋ ಎಂದ. ಹೌದು ಮಾಪ್ಳೆ, ಕ್ಲಚ್ಚೇ ಎಂದೆ. ಷೆಡ್ಡಿಗೆ ಬಂದು ಕೇಬಲ್ ಸರಿಮಾಡಿ, ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸಬೇಡ ಎಂದು ಬುದ್ಧಿ ಹೇಳಿ ಕಳಿಸಿದೆ. ಘಾಟಿ ಹತ್ತುವಾಗ ಇನ್ನೂ ಒಂದೆರಡು ದಿನ ವಾಸನೆ ಬರಬಹುದು, ಹೆದರಬೇಡ ಎಂದೂ ಸೇರಿಸಿದೆ. ಆ ಒಂದು ಮಾತನ್ನು ಹೇಳದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಜಾಕ್ ಹಾಕಿ ಕೆಳಗೆ ಬಗ್ಗಿ ನೋಡಲಿಲ್ಲ. ಕೊಬ್ಬರಿ ವಾಸನೆ ಎಂದ ಮೇಷ್ಟ್ರನ್ನು ನಂಬಿದವನು ಹುರುಳಿ ಎಂದ ಲಿಂಗಮ್ಮನನ್ನು ನಂಬಲಿಲ್ಲ. ಅಂದು ಕೊಬ್ಬರಿ ನನ್ನ ಮೂಗಿಗೇ ಬಂದಿತ್ತು, ಅದಕ್ಕೆ ನಂಬಿದ್ದೆ.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮಲ್ಲಯ್ಯನ ಫೋನು ಬಂತು. “ಮಾಮ, ವಂಡಿ ಬೆಂಕಿ ಇಡ್ಕೊಂಡೈತೆ. ಘಾಟೀಲಿ. ಬನ್ನಿ,” ಎಂದಷ್ಟೇ ಹೇಳಿ ಇಟ್ಟ. ಒಳಗೆ ಯಾರಿದ್ದರು ಎಂದು ಕೇಳಲೂ ಆಗಲಿಲ್ಲ. ಸ್ಕೂಟರ್ ಹತ್ತಿ ಘಾಟಿಯ ಕಡೆಗೆ ಓಡಿಸಿದೆ.

ನಾಲ್ಕನೆಯ ತಿರುವಿನಲ್ಲಿ ಕಾರು ನಿಂತಿತ್ತು. ಬೆಂಕಿ ಆರಿತ್ತು. ಹಿಂದೆ ಬರುತ್ತಿದ್ದ ಏಲಕ್ಕಿ ಜೀಪಿನವರು ಮಣ್ಣು ಎರಚಿ, ತಮ್ಮ ಕುಡಿಯುವ ನೀರಿನ ಕ್ಯಾನು ಸುರಿದು ಆರಿಸಿದ್ದರು. ತಡೆಗೋಡೆಯ ಮೇಲೆ ಲಿಂಗಮ್ಮ ಕೂತಿದ್ದಳು. ಪಕ್ಕದಲ್ಲಿ ಮಲ್ಲಯ್ಯನ ಮಗಳು ಸೆಲ್ವಿ, ಅವಳ ತೊಡೆಯ ಮೇಲೆ ಆರು ತಿಂಗಳ ಕೂಸು. ಬಾಣಂತನ ಮುಗಿಸಿ ಅವಳನ್ನು ಕುಮಳಿಯ ಗಂಡನ ಮನೆಗೆ ಬಿಡಲು ಹೊರಟಿದ್ದರು. ಕೂಸು ಮಲಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ನಾನು ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟೆ.

ನಡೆದದ್ದನ್ನು ಹೇಳಿದವಳು ಸೆಲ್ವಿ. ಘಾಟಿ ಹತ್ತತೊಡಗಿದ ಕೂಡಲೇ ವಾಸನೆ ಜೋರಾಯಿತಂತೆ. ಲಿಂಗಮ್ಮ ನಿಲ್ಲಿಸು ಎಂದಳಂತೆ. ಮಲ್ಲಯ್ಯ, “ಮಾಮ ನೋಡವ್ರೆ ಅವ್ವಾ, ಕ್ಲಚ್ಚು. ಘಾಟೀಲಿ ಬತ್ತೈತೆ, ಎದರ್ಬ್ಯಾಡಿ ಅಂತ ಅವ್ರೇ ಯೋಳವ್ರೆ,” ಎಂದು ಓಡಿಸುತ್ತಲೇ ಇದ್ದ. ಇನ್ನೊಂದು ತಿರುವು ದಾಟಿದಾಗ ಲಿಂಗಮ್ಮ ಓಡುವ ಕಾರಿನ ಬಾಗಿಲನ್ನೇ ತೆರೆದುಬಿಟ್ಟಳು. ಹೆದರಿದ ಮಲ್ಲಯ್ಯ ಬ್ರೇಕ್ ಹಾಕಿದ. ಕೂಸನ್ನು ಎತ್ತಿಕೊಂಡು ಇಳಿಯುವಷ್ಟರಲ್ಲಿ ಹಿಂದಿನ ಸೀಟಿನ ಕಾಲ ಬುಡದಿಂದ ಹೊಗೆ ಎದ್ದಿತ್ತು.

ನಾನು ಕಾರಿನ ಕೆಳಗೆ ತೂರಿದೆ. ಸೈಲೆನ್ಸರ್ ಕೊಳವೆಗೂ ಅದರ ಮೇಲಿನ ತಗಡಿಗೂ ನಡುವೆ ಕಪ್ಪಗೆ ಸುಟ್ಟ ಒಂದು ದಪ್ಪ ಹುರಿ. ಮುಂದಿನ ಚಕ್ರದ ಆಕ್ಸಲ್ಲಿಗೂ ಅಂಥದ್ದೇ ಸುತ್ತಿಕೊಂಡಿತ್ತು. ಅಲ್ಲಿ ಇನ್ನೂ ಪೂರ್ತಿ ಸುಟ್ಟಿರಲಿಲ್ಲ. ಎಳೆದು ತೆಗೆದೆ. ಹುರುಳಿ ಬಳ್ಳಿ, ಕಾಯಿ ಸಮೇತ. ಒಂದು ಕಾಯಿ ಒಡೆದರೆ ಅಂಗೈಗೆ ನಾಲ್ಕು ಹುರಿದ ಕಾಳು ಬಿದ್ದವು.

ನಮ್ಮ ಸೀಮೆಯಲ್ಲಿ ಹುರುಳಿ ಕೊಯ್ದ ಮೇಲೆ ಬಳ್ಳಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸುತ್ತದೆ. ನಮ್ಮ ಜನ ಅದನ್ನು ಕಂಡರೆ ಬಳಸಿಕೊಂಡು ಹೋಗುವುದಿಲ್ಲ. ಬೆಳೆದವನಿಗೆ ಉಪಕಾರವಾಗಲಿ ಎಂದು ನಡುವೆಯೇ ಓಡಿಸುತ್ತೇವೆ. ಒಡ್ಡನ್‌ಛತ್ರಂ ಹತ್ತಿರ ಮಲ್ಲಯ್ಯನ ತಂಗಿಯ ಮನೆ. ವಾಸನೆ ಶುರುವಾಗುವ ಹಿಂದಿನ ದಿನ ಇವನು ಅಲ್ಲಿಗೆ ಹೋಗಿದ್ದವನು, ಭಾವ ರಸ್ತೆಗೆ ಹಾಕಿದ್ದ ಹುರುಳಿಯ ಮೇಲೆ ತನ್ನ ಕಾರನ್ನೇ ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಓಡಿಸಿ ಕಾಳು ಬಿಡಿಸಿಕೊಟ್ಟಿದ್ದ. ಅದು ನಮಗೆ ಊಟ ತಿಂಡಿಯಷ್ಟು ಸಾಮಾನ್ಯ, ಹಾಗಾಗಿ ಮೆಕ್ಯಾನಿಕ್ಕಿಗೆ ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಬಳ್ಳಿ ನಾಲ್ಕೈದು ದಿನ ಬಿಸಿ ಕೊಳವೆಯ ಮೇಲೆ ಹುರಿಯುತ್ತ ಇದ್ದು, ಘಾಟಿಯಲ್ಲಿ ಇಂಜಿನ್ ಕಾದಾಗ ಹೊತ್ತಿಕೊಂಡಿತ್ತು.

ನಾನು ಕೆಳಗಿನಿಂದ ಈಚೆ ಬಂದಾಗ ಲಿಂಗಮ್ಮ ನನ್ನ ಅಂಗೈ ನೋಡಿದಳು.

“ಹುಳ್ಳಿಯಲ್ವಾ?”

“ಹುಳ್ಳಿಯೇ ಅಕ್ಕಾ.”

ಮಲ್ಲಯ್ಯ ನನ್ನ ಮುಖವನ್ನೇ ನೋಡುತ್ತಿದ್ದ. “ಮಾಮ, ನಿಮ್ಗೆ ಅವತ್ತು ಕ್ಲಚ್ ವಾಸ್ನೆ ಎಂಗೆ ಬಂತು?”

ಅವತ್ತು ಕ್ಲಚ್ಚೂ ಕಾದಿತ್ತು ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅವನು ನಂಬುತ್ತಿದ್ದ. ಕೂಸು ಆ ಹೊತ್ತಿಗೆ ಎದ್ದು ಅಳತೊಡಗಿತು. ನನಗೆ ಆ ಅಳು ಕೇಳಿಕೊಂಡು ಸುಳ್ಳು ಹೇಳಲಾಗಲಿಲ್ಲ.

“ಬರ್ಲಿಲ್ಲ ಮಾಪ್ಳೆ. ಜ್ವರ ಬಂದೋದ್ಮೇಲೆ ನಂಗೆ ಯಾವ ವಾಸ್ನೆಯೂ ಬರಾಕಿಲ್ಲ. ಏಳು ತಿಂಗ್ಳಾತು. ಯಾರ್ಗೂ ಯೋಳಿಲ್ಲ. ನೀ ಕ್ಲಚ್ ಅಂದೆ, ನಾನೂ ಅಂಗೇ ಅಂದೆ.”

ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಮಗಳ ಕೈಯಿಂದ ಕೂಸನ್ನು ಎತ್ತಿಕೊಂಡ.

“ಕೂಸು ಇತ್ತು ಮಾಮ ಒಳಗೆ,” ಎಂದ. ಅಷ್ಟೇ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಜೀಪಿನವರು ಅವರೆಲ್ಲರನ್ನೂ ಕೂರಿಸಿಕೊಂಡು ಕುಮಳಿಗೆ ಹೋದರು.

ಕಾರನ್ನು ಎಳೆಸಿಕೊಂಡು ಬಂದು ನಾನೇ ರಿಪೇರಿ ಮಾಡಿದೆ. ನೆಲದ ತಗಡು, ವೈರು, ಹಿಂದಿನ ಸೀಟು ಎಲ್ಲ ಹೊಸದು. ಕೊಂಡೊಯ್ಯಲು ಮಲ್ಲಯ್ಯ ಬರಲಿಲ್ಲ, ಡ್ರೈವರನ್ನು ಕಳಿಸಿದ. ಆ ವಾರವೇ ನಾನು ಷೆಡ್ಡಿನ ಮುಂದೆ ತಮಿಳಿನಲ್ಲಿ ಒಂದು ತಗಡಿನ ಬೋರ್ಡ್ ಹಾಕಿದೆ: ‘ಮೆಕ್ಯಾನಿಕ್ಕಿಗೆ ವಾಸನೆ ತಿಳಿಯುವುದಿಲ್ಲ. ವಾಸನೆ ಏನೆಂದು ನೀವೇ ಹೇಳಬೇಕು.’ ಟ್ಯಾಕ್ಸಿ ಸ್ಟಾಂಡಿನವರು ಬಂದು ಬಂದು ಓದಿ ನಕ್ಕರು. ಮೂಗಣ್ಣನ ಹೆಸರನ್ನು ಬದಲಾಯಿಸುವುದೋ ಬೇಡವೋ ಎಂದು ಟೀ ಅಂಗಡಿಯಲ್ಲಿ ಪಂಚಾಯಿತಿ ನಡೆಯಿತಂತೆ. ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ನಾಗಮ್ಮ ಮಾತ್ರ ಬೋರ್ಡ್ ನೋಡಿ, ಅಷ್ಟು ತಿಂಗಳ ಮೇಲೆ ಮೊದಲ ಸಲ ನನ್ನೊಂದಿಗೆ ನಿರಾಳವಾಗಿ ನಕ್ಕಳು. ನಾನೂ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಕೇಳುವುದನ್ನು ನಾನು ನಿಜವಾಗಿ ಕಲಿತದ್ದು ಆಮೇಲೆ. ವಾಸನೆ ಯಾವಾಗ ಬರುತ್ತದೆ? ಹತ್ತುವಾಗಲೋ, ಇಳಿಯುವಾಗಲೋ, ನಿಂತಾಗಲೋ? ಲೈಟು ಹಾಕಿದಾಗ ಹೆಚ್ಚಾಗುತ್ತದಾ? ನಿನ್ನೆ ಮೊನ್ನೆ ಯಾವುದರ ಮೇಲೆ ಓಡಿಸಿದಿರಿ, ಎಲ್ಲಿ ನಿಲ್ಲಿಸಿದ್ದಿರಿ? ಡ್ರೈವರನ್ನು ಕೇಳಿ, ಆಮೇಲೆ ಹಿಂದಿನ ಸೀಟಿನಲ್ಲಿ ಕೂತವರನ್ನು ತಪ್ಪದೆ ಕೇಳಿ. ಓಡಿಸುವವನು ಕಾರಿನ ಭಾಗಗಳ ಹೆಸರು ಹೇಳುತ್ತಾನೆ. ಅವನ ತಲೆಯಲ್ಲಿ ಆಗಲೇ ಒಂದು ತೀರ್ಮಾನ ಇರುತ್ತದೆ. ಒಲೆಯ ಮುಂದೆ ಆಯಸ್ಸು ಕಳೆದ ಹೆಂಗಸರು ವಾಸನೆಯನ್ನು ವಾಸನೆಯಾಗಿಯೇ ಹೇಳುತ್ತಾರೆ. ಸೀದದ್ದು ಬೇರೆ, ಹೊತ್ತಿದ್ದು ಬೇರೆ, ಕಮರಿದ್ದು ಬೇರೆ ಎಂದು ಅವರಿಗೆ ಗೊತ್ತು. ಅವರು ಏನು ಹೇಳಿದರೂ ನಗಬೇಡಿ. ಕೇಳಿಸಿಕೊಂಡು ಜಾಕ್ ಹಾಕಿ ಕೆಳಗೆ ಬಗ್ಗಿ ನೋಡಿ. ಮೂಗಿದ್ದ ಕಾಲದಲ್ಲಿ ಮಾಡಿದ್ದಕ್ಕಿಂತ ಕಡಿಮೆ ತಪ್ಪು ನಾನು ಮೂಗಿಲ್ಲದ ಕಾಲದಲ್ಲಿ ಮಾಡಿದ್ದೇನೆ. ಹೋದ ಗಿರಾಕಿಗಳಲ್ಲಿ ಸುಮಾರು ಜನ ಹಿಂದಿರುಗಿ ಬಂದರು.

ಮಲ್ಲಯ್ಯ ಬರಲಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಕೈ ಮುಗಿದು ಹೊರಟುಹೋಗುತ್ತಿದ್ದ. ಬೇರೆ ಯಾರು ಬಂದರೂ ಬಿಟ್ಟರೂ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ, ಅವನು ಬಾರದ್ದು ಮಾತ್ರ ನೋಯುತ್ತಿತ್ತು. ಬಾ ಎಂದು ಕರೆಯಲು ನನಗೆ ಮುಖವಿರಲಿಲ್ಲ.

ಬೆಂಕಿ ಬಿದ್ದು ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಆ ಕಾರು ಷೆಡ್ಡಿನ ಮುಂದೆ ನಿಂತಿತು. ಮಲ್ಲಯ್ಯ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದ. ಸೆಲ್ವಿ ಮಗುವನ್ನು ಇಳಿಸಿದಳು, ಆಗಲೇ ನಡೆಯುತ್ತಿತ್ತು. ಲಿಂಗಮ್ಮ ಈ ಸಲ ಮುಂದಿನ ಸೀಟಿನಿಂದ ಇಳಿದಳು.

“ಬೊಮ್ಮಯ್ಯ, ವಂಡಿಯಾಗೆ ವಾಸ್ನೆ ಬತ್ತೈತೆ. ಇವ್ನು ತೇನಿಗೆ ಓಗಾಣ ಅಂದ. ನಾ ಒಲ್ಲೆ ಅಂದೆ,” ಎಂದಳು.

“ಅಕ್ಕಾ, ನಂಗಿನ್ನೂ ಮೂಗು ಬಂದಿಲ್ಲ.”

“ಗೊತ್ತು. ಮೂಗು ನಾ ತಂದಿವ್ನಿ. ಕೈ ನೀ ಹಾಕು.”

ಅವಳು ಹೇಳಿದಳು, ಮೊನ್ನೆ ಬೋಂಡಾ ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಿದ ಹಾಗಿದೆ, ನಿಂತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ, ಇವತ್ತು ಹುಳ್ಳಿ ಅಲ್ಲ. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಎಲ್ಲೆಲ್ಲಿ ಓಡಿಸಿದಿರಿ ಎಂದು ಮಲ್ಲಯ್ಯನನ್ನೂ ಕೇಳಿದೆ; ನೆಲ ನೋಡುತ್ತ ಒಂದೊಂದಾಗಿ ಹೇಳಿದ. ಜಾಕ್ ಹಾಕಿ ಮೊದಲು ಕೆಳಗೆ ತೂರಿ ನೋಡಿದೆ, ಆಮೇಲೆ ಬಾನೆಟ್ ತೆಗೆದೆ. ಇಂಜಿನ್ ತಲೆಯ ಮುಚ್ಚಳದಡಿಯ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಹಳೆಯದಾಗಿ ಆಯಿಲ್ ಸಣ್ಣಗೆ ಜಿನುಗಿ ಬಿಸಿ ಕೊಳವೆಯ ಮೇಲೆ ಬೀಳುತ್ತಿತ್ತು. ಮಲ್ಲಯ್ಯನನ್ನು ಕರೆದು, ಅವನ ಬೆರಳಿಗೇ ಆ ಎಣ್ಣೆ ಮುಟ್ಟಿಸಿ ತೋರಿಸಿದೆ. ಗ್ಯಾಸ್ಕೆಟ್ ಬದಲಾಯಿಸಿ, ಕೊಳವೆ ಒರೆಸಿ, ಲಿಂಗಮ್ಮನನ್ನು ಕೂರಿಸಿಕೊಂಡು ಬೈಪಾಸಿನವರೆಗೆ ಹೋಗಿ ಬಂದೆ. ಅವಳು ಗಾಜು ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಮೂಸಿ, ಏನೂ ಇಲ್ಲ ಎಂದು ತಲೆಯಾಡಿಸಿದಳು.

ಷೆಡ್ಡಿಗೆ ಹಿಂದಿರುಗಿದಾಗ ಮಲ್ಲಯ್ಯ ಮಗುವನ್ನು ಎತ್ತಿಕೊಂಡು ನಿಂತಿದ್ದ. ಘಾಟಿ ಹತ್ತಬೇಕು, ಸೆಲ್ವಿಯನ್ನು ಬಿಡಲು ಕುಮಳಿಗೆ ಹೋಗಬೇಕು ಎಂದು ಲಿಂಗಮ್ಮನ ಬಾಯಲ್ಲಿ ಆಗಲೇ ಕೇಳಿದ್ದೆ. ಹೋಗಬಹುದಾ ಎಂದು ಅವನು ಕೇಳುತ್ತಾನೆ, ಏನೆಂದು ಹೇಳಲಿ ಎಂದು ಬಟ್ಟೆಗೆ ಕೈ ಒರೆಸುತ್ತ ಯೋಚಿಸುತ್ತಿದ್ದೆ.

ಅವನು ಕೇಳಲಿಲ್ಲ. ಹಿಂದಿನ ಬಾಗಿಲು ತೆರೆದು, ಮಗುವನ್ನು ಸೀಟಿನ ಮೇಲೆ ಕೂರಿಸಿ, “ಬತ್ತೀವಿ ಮಾಮ,” ಎಂದು ಕಾರು ಸ್ಟಾರ್ಟ್ ಮಾಡಿದ.